ಕಲಾ ಅನುದಾನ: ತೆಂಗಿನ ಸೀಮೆಯಿಂದ ನೋಡಿದಾಗ

ಕಲಾವಿದರಿಗೋ ಕಲಾ ಸಂಸ್ಥೆಗೋ ಗೊತ್ತುಪಡಿಸಿದ ಕೆಲಸಕ್ಕೆಂದು ಕೊಡುವ ಹಣ ಕಲಾ ಅನುದಾನ. ಅದನ್ನು ಹಿಂದಿರುಗಿಸಬೇಕಿಲ್ಲ, ಲೆಕ್ಕ ಮಾತ್ರ ಒಪ್ಪಿಸಬೇಕು. ಕೊಡುವವರು ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ, ಅಕಾಡೆಮಿಗಳು, ಖಾಸಗಿ ಪ್ರತಿಷ್ಠಾನಗಳು ಅಥವಾ ಕಂಪನಿಗಳು. ಈ ವ್ಯವಸ್ಥೆಯನ್ನು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಕೂತು ವಿವರಿಸುವುದು ಸುಲಭ. ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಯ ತೆಂಗಿನ ಸೀಮೆಯಲ್ಲಿ ನಿಂತು ನೋಡಿದರೆ ಅದರ ಬಲವೂ ಕಾಣುತ್ತದೆ, ಬಿರುಕುಗಳೂ ಕಾಣುತ್ತವೆ. ಇಲ್ಲಿ ಮೂಡಲಪಾಯ ಯಕ್ಷಗಾನವಿದೆ, ಸೋಮನ ಕುಣಿತವಿದೆ, ವೀರಗಾಸೆ, ಕೋಲಾಟ, ಅರೆವಾದ್ಯ, ತತ್ವಪದ, ಭಜನೆಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ಪೌರಾಣಿಕ ನಾಟಕವಿದೆ. ಇವುಗಳಲ್ಲಿ ಬಹುಪಾಲು ಯಾವ ಅನುದಾನವನ್ನೂ ಕಾಣದೆಯೇ ನಡೆದುಕೊಂಡು ಬಂದಿವೆ.

ಅನುದಾನಕ್ಕೆ ಮೊದಲು

ಕಲೆಗೆ ಹಣ ಕೊಡುವ ಪದ್ಧತಿ ಹೊಸದೇನಲ್ಲ. ದೇವಾಲಯಗಳ ಗಾಯಕರು, ನರ್ತಕಿಯರು, ವಾದ್ಯಗಾರರಿಗೆ ಭೂಮಿ ಬಿಟ್ಟುಕೊಟ್ಟ ಶಾಸನಗಳು ಕರ್ನಾಟಕದ ಉದ್ದಗಲಕ್ಕೂ ಸಿಗುತ್ತವೆ. ಆಮೇಲಿನ ಕಾಲದಲ್ಲಿ ಗುಡಿಯ ಓಲಗದವರಿಗೆ, ಊರ ಚಾಕರಿಯವರಿಗೆ ಇನಾಮು ಜಮೀನು ಇರುತ್ತಿತ್ತು. ಆ ಜಮೀನಿನ ಫಸಲೇ ಅವರ ಸಂಬಳ. 1954 ಮತ್ತು 1955ರಲ್ಲಿ ಮೈಸೂರು ಸರ್ಕಾರ ತಂದ ಇನಾಮು ರದ್ದತಿ ಕಾಯ್ದೆಗಳು, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಈ ಏರ್ಪಾಡನ್ನು ಮುಗಿಸಿದವು. ಉಳುವವನಿಗೆ ಅದು ನ್ಯಾಯ, ತಕರಾರಿಲ್ಲ. ಆದರೆ ಕಲೆಗೂ ಭೂಮಿಗೂ ಇದ್ದ ನಂಟು ಅಲ್ಲಿಗೆ ಕಡಿಯಿತು. ಅದೇ ಹೊತ್ತಿಗೆ ದೆಹಲಿಯಲ್ಲಿ ಸಂಗೀತ ನಾಟಕ ಅಕಾಡೆಮಿ (1953), ಸಾಹಿತ್ಯ ಅಕಾಡೆಮಿ ಮತ್ತು ಲಲಿತಕಲಾ ಅಕಾಡೆಮಿ (1954) ಹುಟ್ಟಿದ್ದವು. ಫಸಲಿನ ಜಾಗಕ್ಕೆ ಅರ್ಜಿ ಬಂದದ್ದು ಹೀಗೆ.

ಟಿಕೆಟ್ಟಿನ ದುಡ್ಡಿನಲ್ಲೇ ಬದುಕಿದ ಕಲೆಯೂ ಈ ಜಿಲ್ಲೆಯದೇ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ, ಗುಬ್ಬಿ ವೀರಣ್ಣನವರ ಕೈಯಲ್ಲಿ ದಕ್ಷಿಣ ಭಾರತವನ್ನೇ ಸುತ್ತಿದ ಕಂಪನಿಯಾಯಿತು. ಗಲ್ಲಾಪೆಟ್ಟಿಗೆ ತುಂಬಿದರೆ ಮುಂದಿನ ಊರು, ತುಂಬದಿದ್ದರೆ ಸಾಲ. ಈಗ ತುಮಕೂರಿನ ಸರ್ಕಾರಿ ರಂಗಮಂದಿರಕ್ಕೆ ಅವರದೇ ಹೆಸರು.

ಹಳ್ಳಿಯ ಪೌರಾಣಿಕ ನಾಟಕದ ಲೆಕ್ಕ ಇನ್ನೂ ವಿಚಿತ್ರ. ಇಲ್ಲಿ ಕಲಾವಿದನಿಗೆ ಹಣ ಸಿಗುವುದಿಲ್ಲ, ಕಲಾವಿದನೇ ಹಣ ಕೊಡುತ್ತಾನೆ. ‘ಕುರುಕ್ಷೇತ್ರ’ ಆಡಬೇಕೆಂದು ಊರವರು ತೀರ್ಮಾನಿಸಿದರೆ ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನಿಗೆ ಇಷ್ಟು, ಭೀಮನಿಗೆ ಇಷ್ಟು ಎಂದು ಪಾತ್ರಧಾರಿಗಳೇ ಹಾಕಿಕೊಳ್ಳುತ್ತಾರೆ. ಆ ಹಣದಲ್ಲಿ ಹಾರ್ಮೋನಿಯಂ ಮೇಷ್ಟ್ರಿಗೆ ಗುತ್ತಿಗೆ, ಸೀನರಿ ಬಾಡಿಗೆ, ಸ್ತ್ರೀ ಪಾತ್ರಕ್ಕೆ ಕರೆಸುವ ಕಲಾವಿದೆಯರ ಸಂಭಾವನೆ, ಮೈಕು, ಲೈಟು ಎಲ್ಲ ಆಗಬೇಕು. ಹಗಲಲ್ಲಿ ತೋಟಕ್ಕೆ ನೀರು ಹಾಯಿಸುವವನು ರಾತ್ರಿ ಕಿರೀಟ ಧರಿಸಲು ಕೊಬ್ಬರಿ ಮಾರಿದ ದುಡ್ಡು ತೆಗೆಯುತ್ತಾನೆ. ಮೂಡಲಪಾಯಕ್ಕೂ ಸೋಮನ ಕುಣಿತಕ್ಕೂ ಊರ ವಂತಿಗೆಯೇ ಆಧಾರ. ಕೊಬ್ಬರಿ ಧಾರಣೆ ಕುಸಿದ ವರ್ಷ ವಂತಿಗೆ ಎತ್ತುವವರಿಗೆ ಮೊದಲು ಅದರ ಬಿಸಿ ತಟ್ಟುತ್ತದೆ.

ಈ ಹಿನ್ನೆಲೆ ಇಷ್ಟು ಉದ್ದವಾಗಿ ಹೇಳಿದ್ದಕ್ಕೆ ಕಾರಣವಿದೆ. ಸರ್ಕಾರದ ಅನುದಾನ ಯೋಜನೆಗಳನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಕಲೆಯಿಂದಲೇ ಹೊಟ್ಟೆ ಹೊರೆಯುವ ಕಲಾವಿದ ಅಥವಾ ಕಚೇರಿ, ಕಾರ್ಯದರ್ಶಿ, ಲೆಕ್ಕಪುಸ್ತಕ ಇರುವ ಸಂಸ್ಥೆ. ತೆಂಗಿನ ಸೀಮೆಯ ಕಲಾವಿದ ಈ ಎರಡೂ ಅಲ್ಲ. ಅವನ ಕಲೆ ಬದುಕಿರುವುದು ಪ್ರದರ್ಶನದ ಒಂದು ರಾತ್ರಿಯಲ್ಲಿ ಅಲ್ಲ, ಅದಕ್ಕೆ ಮುಂಚಿನ ಮೂರು ತಿಂಗಳ ತಾಲೀಮಿನಲ್ಲಿ. ಅನುದಾನವೋ ಸಾಮಾನ್ಯವಾಗಿ ಆ ಒಂದು ರಾತ್ರಿಯನ್ನಷ್ಟೇ ನೋಡುತ್ತದೆ.

ಯಾವ ಹಣ ಯಾವುದು

ಹಳ್ಳಿಗಳಲ್ಲಿ ‘ಸರ್ಕಾರದಿಂದ ಕಲಾವಿದರಿಗೆ ದುಡ್ಡು ಬರುತ್ತದಂತೆ’ ಎಂಬ ಒಂದೇ ಮಾತಿನಲ್ಲಿ ನಾಲ್ಕಾರು ಬೇರೆ ಬೇರೆ ವಿಷಯ ಕಲಸಿಹೋಗಿರುತ್ತವೆ. ಜಿಲ್ಲಾ ಉತ್ಸವಕ್ಕೋ, ಇಲಾಖೆ ನಡೆಸುವ ಮಕ್ಕಳ ‘ಚಿಗುರು’, ಯುವಕರ ‘ಯುವ ಸೌರಭ’ದಂಥ ಕಾರ್ಯಕ್ರಮಕ್ಕೋ ಕರೆಸಿ ಕೊಡುವುದು ಸಂಭಾವನೆ, ಅದು ಮಾಡಿದ ಕೆಲಸಕ್ಕೆ ಕೂಲಿ. ವಯಸ್ಸಾಗಿ ಸಂಕಷ್ಟದಲ್ಲಿರುವ ಕಲಾವಿದರಿಗೆ ತಿಂಗಳು ತಿಂಗಳು ಬರುವುದು ಮಾಸಾಶನ. ಕಲಿಯುವವರಿಗೆ ಶಿಷ್ಯವೇತನ. ಸಾಧನೆಗೆ ಪ್ರಶಸ್ತಿ, ಅದರ ಜೊತೆಗಿನ ಮೊತ್ತಕ್ಕೆ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಅನುದಾನ ಅಥವಾ ಧನಸಹಾಯ ಇವೆಲ್ಲಕ್ಕಿಂತ ಬೇರೆ. ಅದು ಒಂದು ಯೋಜನೆಗೆ ಸಿಗುವ ಹಣ, ಬಹುಮಟ್ಟಿಗೆ ನೋಂದಾಯಿತ ಸಂಸ್ಥೆಯ ಖಾತೆಗೇ ಬರುವ ಹಣ. ಯಾವುದಕ್ಕೆ ಅರ್ಜಿ ಹಾಕುತ್ತಿದ್ದೇವೆ ಎಂಬುದು ಮೊದಲೇ ತಿಳಿಯದೆ ಅಲೆದು ಸೋತವರು ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ.

ರಾಜ್ಯದ ಬಾಗಿಲುಗಳು

ಮುಖ್ಯ ಬಾಗಿಲು ಕನ್ನಡ ಮತ್ತು ಸಂಸ್ಕೃತಿ ಇಲಾಖೆ. ಕೇಂದ್ರ ಕಚೇರಿ ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ. ಪ್ರತಿ ಜಿಲ್ಲೆಗೂ ಒಂದು ಕಚೇರಿ. ತೆಂಗಿನ ಸೀಮೆಯವರು ಹೋಗಬೇಕಾದದ್ದು ತುಮಕೂರಿಗೆ. ಕಲಾ ಚಟುವಟಿಕೆ ನಡೆಸುವ ಸಂಘಸಂಸ್ಥೆಗಳಿಗೆ ಧನಸಹಾಯ, ಕಾರ್ಯಕ್ರಮಗಳಿಗೆ ಪ್ರಾಯೋಜನೆ, ವಾದ್ಯ ಪರಿಕರ ಹಾಗೂ ವೇಷಭೂಷಣ ಕೊಳ್ಳಲು ನೆರವು, ಚಿತ್ರಕಲಾ ಪ್ರದರ್ಶನಕ್ಕೆ ನೆರವು ಇವು ಅದರ ಪರಿಚಿತ ಬಾಬುಗಳು. ಅರ್ಜಿ ಆಹ್ವಾನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಚಿಕ್ಕ ಸುದ್ದಿಯಾಗಿ ಬಂದು ಹೋಗುತ್ತದೆ. ಅರ್ಜಿ ಸಲ್ಲಿಸುವುದು ಈಗ ಸೇವಾ ಸಿಂಧು ಜಾಲತಾಣದ ಮೂಲಕ. ಸ್ಮಾರ್ಟ್‌ಫೋನ್ ಇರುವ ಮೊಮ್ಮಗ ಮನೆಯಲ್ಲಿದ್ದರೆ ಸರಿ, ಇಲ್ಲದಿದ್ದರೆ ಗ್ರಾಮ ಒನ್ ಕೇಂದ್ರವೋ ಜೆರಾಕ್ಸ್ ಅಂಗಡಿಯೋ ಗತಿ.

ಇಲ್ಲಿ ಒಂದು ಕಾನೂನನ್ನು ವಿಶೇಷವಾಗಿ ನೆನೆಯಬೇಕು. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಗೆ ಸಂಬಂಧಿಸಿ ಕರ್ನಾಟಕ 2013ರಲ್ಲಿ ತಂದ ಕಾಯ್ದೆಯ ಪ್ರಕಾರ, ಜನಸಂಖ್ಯೆಯ ಪ್ರಮಾಣಕ್ಕೆ ತಕ್ಕಂತೆ ಇಲಾಖೆಗಳ ಯೋಜನಾ ಹಣದಲ್ಲಿ ಒಂದು ಪಾಲು ಈ ಸಮುದಾಯಗಳಿಗೇ ಮೀಸಲು. ಸಂಸ್ಕೃತಿ ಇಲಾಖೆಯೂ ಇದರಿಂದ ಹೊರಗಿಲ್ಲ. ವಾದ್ಯ ಮತ್ತು ವೇಷಭೂಷಣದ ನೆರವು, ತರಬೇತಿ ಮೊದಲಾದವು ಈ ಬಾಬಿನಲ್ಲಿ ಪ್ರತ್ಯೇಕವಾಗಿ ಬರುತ್ತವೆ. ತಮಟೆ, ಅರೆ, ಉರುಮೆ ಬಾರಿಸುತ್ತ ತಲೆಮಾರುಗಳಿಂದ ಊರ ಜಾತ್ರೆಗಳನ್ನು ನಡೆಸಿಕೊಟ್ಟ ಸಮುದಾಯಗಳಿಗೆ ಈ ಹಣ ಉಪಕಾರವಲ್ಲ, ಬಹಳ ತಡವಾಗಿ ಬಂದ ಬಾಕಿ.

ಎರಡನೆಯ ಬಾಗಿಲು ಅಕಾಡೆಮಿಗಳದ್ದು. ಸಾಹಿತ್ಯ, ನಾಟಕ, ಸಂಗೀತ ನೃತ್ಯ, ಲಲಿತಕಲೆ, ಶಿಲ್ಪಕಲೆ, ಜಾನಪದ, ಯಕ್ಷಗಾನ, ಬಯಲಾಟ ಹೀಗೆ ಪ್ರಕಾರಕ್ಕೊಂದು. ಇವು ನೇರವಾಗಿ ದೊಡ್ಡ ಅನುದಾನ ಹಂಚುವುದಕ್ಕಿಂತ ಶಿಬಿರ, ಉತ್ಸವ, ದಾಖಲೀಕರಣ, ಫೆಲೋಶಿಪ್, ಪ್ರಶಸ್ತಿಗಳ ಮೂಲಕ ಹಣ ಹರಿಸುತ್ತವೆ. ಮೂಡಲಪಾಯದ ಮೇಳ ತನ್ನ ಊರಲ್ಲೇ ತರಬೇತಿ ಶಿಬಿರ ನಡೆಸಲು ಯಕ್ಷಗಾನ ಅಕಾಡೆಮಿಗೆ ಪ್ರಸ್ತಾವ ಕಳಿಸಬಹುದು. ಅಕಾಡೆಮಿಯ ಕಣ್ಣು ಕರಾವಳಿಯ ಕಡೆಗೇ ಹೆಚ್ಚು ಎಂಬ ದೂರು ಬಯಲುಸೀಮೆಯಲ್ಲಿ ಇದ್ದೇ ಇದೆ. ಆದರೆ ಪ್ರಸ್ತಾವವನ್ನೇ ಕಳಿಸದೆ ಹೇಳುವ ದೂರಿಗೆ ತೂಕ ಕಡಿಮೆ.

ಬರಹಗಾರರ ದಾರಿ ಬೇರೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಲೇಖಕರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನ ಕೊಡುತ್ತದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕಗಳನ್ನು ಸಗಟು ಕೊಳ್ಳುತ್ತದೆ. ಎರಡನೆಯದು ಹೆಸರಿಗೆ ಖರೀದಿ. ಸಣ್ಣ ಪ್ರಕಾಶಕರ ಪಾಲಿಗೆ ಅದೇ ಅನುದಾನ, ಬಿಲ್ಲು ಪಾವತಿಗೆ ಕಾಯುವುದೂ ಅನುದಾನದಷ್ಟೇ ದೀರ್ಘ.

ಕೇಂದ್ರದ ಯೋಜನೆಗಳು

ಕೇಂದ್ರ ಸಂಸ್ಕೃತಿ ಸಚಿವಾಲಯದ ಬಹುತೇಕ ನೆರವು ‘ಕಲಾ ಸಂಸ್ಕೃತಿ ವಿಕಾಸ ಯೋಜನೆ’ ಎಂಬ ಒಂದೇ ಚಾವಣಿಯ ಕೆಳಗಿದೆ. ಅದರಲ್ಲಿ ತೆಂಗಿನ ಸೀಮೆಗೆ ಹೆಚ್ಚು ಒಗ್ಗುವುದು ಗುರು-ಶಿಷ್ಯ ಪರಂಪರೆಯ ನೆರವು; ರೆಪರ್ಟರಿ ಅನುದಾನ ಎಂದೂ ಅದಕ್ಕೆ ಹೆಸರು. ಗುರುವಿಗೆ ತಿಂಗಳಿಗೆ 15,000 ರೂಪಾಯಿ, ಶಿಷ್ಯರಿಗೆ ವಯಸ್ಸಿಗೆ ತಕ್ಕಂತೆ 2,000ದಿಂದ 10,000 ರೂಪಾಯಿ. ನಾಟಕದ ತಂಡವಾದರೆ ಒಬ್ಬ ಗುರು ಮತ್ತು ಹೆಚ್ಚೆಂದರೆ 18 ಶಿಷ್ಯರು; ಸಂಗೀತ, ನೃತ್ಯದ ತಂಡವಾದರೆ ಹೆಚ್ಚೆಂದರೆ 10. ಪ್ರದರ್ಶನಕ್ಕಲ್ಲ, ಕಲಿಕೆಗೆ ಹಣ ಕೊಡುವ ಅಪರೂಪದ ಯೋಜನೆ ಇದು. ಒಬ್ಬ ವಯಸ್ಸಾದ ಭಾಗವತರು, ಹತ್ತು ಹುಡುಗ ಹುಡುಗಿಯರು, ಒಂದು ಗುಡಿಯ ಜಗಲಿ ಇರುವ ಊರಿಗೆ ಇದಕ್ಕಿಂತ ಹೊಂದುವ ಯೋಜನೆ ಬೇರೆ ಇಲ್ಲ. ಆದರೆ ಆಯ್ಕೆಯಾಗುವವರಲ್ಲಿ ಪಟ್ಟಣದ ನಾಟಕ ತಂಡಗಳೂ ನೃತ್ಯಶಾಲೆಗಳೂ ಎದ್ದು ಕಾಣುತ್ತವೆ, ಮೂಡಲಪಾಯ ಮೇಳಗಳಲ್ಲ. ಕಾರಣ ಕಲೆಯ ಮಟ್ಟವಲ್ಲ, ಕಾಗದದ ಮಟ್ಟ.

ಉತ್ಸವ, ಶಿಬಿರ, ಹೊಸ ರಂಗಪ್ರಯೋಗಗಳಿಗೆ ಬೇರೆ ಬಾಬಿದೆ. ಸಾಮಾನ್ಯ ಮಿತಿ 5 ಲಕ್ಷ ರೂಪಾಯಿ, ವಿಶೇಷ ಸಂದರ್ಭದಲ್ಲಿ 20 ಲಕ್ಷದವರೆಗೆ. ರಂಗಮಂದಿರದಂಥ ಕಟ್ಟಡಕ್ಕೂ ಹಣವಿದೆ, ಮಹಾನಗರಗಳಲ್ಲಿ 50 ಲಕ್ಷ, ಉಳಿದೆಡೆ 25 ಲಕ್ಷ ಮಿತಿ. ವ್ಯಕ್ತಿಗಳಿಗಾದರೆ 18ರಿಂದ 25 ವಯಸ್ಸಿನವರಿಗೆ ತಿಂಗಳಿಗೆ 5,000 ರೂಪಾಯಿಯ ವಿದ್ಯಾರ್ಥಿವೇತನ, 25ರಿಂದ 40ರವರಿಗೆ 10,000 ರೂಪಾಯಿಯ ಕಿರಿಯ ಫೆಲೋಶಿಪ್, 40 ದಾಟಿದವರಿಗೆ 20,000 ರೂಪಾಯಿಯ ಹಿರಿಯ ಫೆಲೋಶಿಪ್. ಮೂರೂ ಎರಡು ವರ್ಷಕ್ಕೆ. ಇಡೀ ದೇಶಕ್ಕೆ ವರ್ಷಕ್ಕೆ ನಾನೂರು ವಿದ್ಯಾರ್ಥಿವೇತನ, ನಾನೂರು ಫೆಲೋಶಿಪ್. 60 ದಾಟಿದ, ವಾರ್ಷಿಕ ಆದಾಯ 72,000 ರೂಪಾಯಿ ಮೀರದ ಹಿರಿಯ ಕಲಾವಿದರಿಗೆ ತಿಂಗಳಿಗೆ 6,000 ರೂಪಾಯಿವರೆಗೆ ನೆರವಿದೆ. ಈ ಮೊತ್ತಗಳು ಆಗಾಗ ಪರಿಷ್ಕೃತವಾಗುವುದರಿಂದ ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯನ್ನೇ ನೋಡಬೇಕು.

ತಂಜಾವೂರಿನಲ್ಲಿರುವ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರಕ್ಕೆ ಕರ್ನಾಟಕವೂ ಸೇರುತ್ತದೆ. ಅದು ತಂಡಗಳನ್ನು ಬೇರೆ ರಾಜ್ಯಗಳಿಗೆ ಕರೆದೊಯ್ದು ಸಂಭಾವನೆ, ಪ್ರಯಾಣ ಖರ್ಚು ಕೊಡುತ್ತದೆ.

ಸಂಘ ಕಟ್ಟುವುದು

ಸಂಸ್ಥೆಯ ಅನುದಾನಕ್ಕೆ ಮೊದಲ ಷರತ್ತು ನೋಂದಣಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ಕನಿಷ್ಠ ಏಳು ಜನ ಸೇರಿ, ಉದ್ದೇಶಗಳನ್ನೂ ಬೈಲಾವನ್ನೂ ಬರೆದು ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇಲ್ಲವೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಪತ್ರ ಮಾಡಿಸಬಹುದು. ಸಂಘಕ್ಕೆ ಚುನಾವಣೆ, ಸರ್ವಸದಸ್ಯರ ಸಭೆ ಇರುತ್ತದೆ. ಟ್ರಸ್ಟಿನಲ್ಲಿ ಅಧಿಕಾರ ಕೆಲವರ ಕೈಯಲ್ಲೇ ನಿಲ್ಲುತ್ತದೆ. ಊರಿನ ಮೇಳಕ್ಕೆ ಸಂಘವೇ ಲೇಸು ಎಂಬುದು ನನ್ನ ಅನಿಸಿಕೆ. ಗದ್ದಲ ಹೆಚ್ಚು, ನಿಜ. ಆದರೆ ಮೇಳದ ಹೆಸರು ಒಬ್ಬರ ಮನೆಯ ಆಸ್ತಿಯಾಗುವುದಿಲ್ಲ.

ನೋಂದಣಿ ಮಾಡಿಸುವುದು ಸುಲಭ, ಅದನ್ನು ಜೀವಂತ ಇಡುವುದು ಕಷ್ಟ. ಪ್ರತಿ ವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಬಿಟ್ಟ ವರ್ಷಗಳಿಗೆ ಆಮೇಲೆ ದಂಡ ಕಟ್ಟಬೇಕಾಗುತ್ತದೆ. ಸಂಘದ ಹೆಸರಿನಲ್ಲಿ ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ, ಲೆಕ್ಕಪರಿಶೋಧಕರ ಸಹಿ ಇರುವ ಆಡಿಟ್ ವರದಿ ಬೇಕು. ಸಾಮಾನ್ಯವಾಗಿ ಹಿಂದಿನ ಮೂರು ವರ್ಷಗಳ ವರದಿ ಕೇಳುತ್ತಾರೆ. ಅಂದರೆ ಇವತ್ತು ಕಟ್ಟಿದ ಸಂಘ ಅನುದಾನದ ಹೊಸ್ತಿಲಿಗೆ ಬರಲು ಮೂರು ವರ್ಷ ಬೇಕು. ಕೇಂದ್ರದ ಹಣವಾದರೆ ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ನೋಂದಣಿಯೂ ಆಗಿರಬೇಕು. ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಸಿಗಬೇಕಾದರೆ 80-ಜಿ ಮಾನ್ಯತೆ. ಅದು ಬೇರೆಯೇ ಓಡಾಟ.

ಇಲ್ಲೇ ತೊಡಕು ಶುರುವಾಗುವುದು. ನೂರು ವರ್ಷದಿಂದ ಸೋಮನ ಮುಖ ಹೊತ್ತು ಕುಣಿದ ಊರಿನ ಬಳಿ ಮೂರು ವರ್ಷದ ಆಡಿಟ್ ವರದಿ ಇಲ್ಲ. ಸೋಮ ಕುಣಿದದ್ದೇ ಇಲ್ಲದ ಒಂದು ಸಂಘದ ಬಳಿ ಆಡಿಟ್ ವರದಿ, ಬಣ್ಣದ ಲೆಟರ್‌ಹೆಡ್, ರಬ್ಬರ್ ಸೀಲು ಎಲ್ಲ ಇವೆ. ಕಡತದ ಕಣ್ಣಿಗೆ ಎರಡನೆಯದೇ ಸಂಸ್ಥೆ. ಹೆಸರಿಗಷ್ಟೇ ಇರುವ ಸಂಘಗಳ ಬಗ್ಗೆ ರಂಗಕರ್ಮಿಗಳೂ ಜಾನಪದ ಕಲಾವಿದರೂ ದಶಕಗಳಿಂದ ದೂರುತ್ತ ಬಂದಿದ್ದಾರೆ. ಪ್ರತಿ ದೂರಿನ ನಂತರ ಅರ್ಜಿಗೆ ಇನ್ನೊಂದು ದಾಖಲೆ ಸೇರುತ್ತದೆ. ಸುಳ್ಳು ಸಂಘ ಆ ದಾಖಲೆಯನ್ನೂ ಹೊಂದಿಸಿಕೊಳ್ಳುತ್ತದೆ, ಬಡ ಮೇಳಕ್ಕೆ ಮಾತ್ರ ದಾರಿ ಇನ್ನಷ್ಟು ದೂರವಾಗುತ್ತದೆ.

ಅರ್ಜಿಯ ಒಳಗೆ

ಹುಳಿಯಾರು ಕಡೆಯ ಒಂದು ಮೂಡಲಪಾಯ ಮೇಳವನ್ನು ಕಲ್ಪಿಸಿಕೊಳ್ಳೋಣ. ಹದಿನೈದು ಜನರ ಮೇಳ, ಸಂಘ ನೋಂದಣಿಯಾಗಿ ನಾಲ್ಕು ವರ್ಷ. ಊರಿನ ಹನ್ನೆರಡು ಮಕ್ಕಳಿಗೆ ನಾಲ್ಕು ತಿಂಗಳು ಕಲಿಸಿ, ಕೊನೆಗೆ ಎರಡು ಪ್ರದರ್ಶನ ಮಾಡಿಸಬೇಕೆಂದು ಅವರ ಆಸೆ.

ಅರ್ಜಿಯಲ್ಲಿ ‘ಕಲೆಯ ಉಳಿವು ಬೆಳವಣಿಗೆಗಾಗಿ ಸಹಾಯ ಕೋರಿ’ ಎಂದಷ್ಟೇ ಬರೆದರೆ ಓದುವ ಸಮಿತಿಗೆ ಏನೂ ತಿಳಿಯುವುದಿಲ್ಲ. ಎಲ್ಲ ಅರ್ಜಿಯಲ್ಲೂ ಅದೇ ವಾಕ್ಯ ಇರುತ್ತದೆ. ಯಾವ ಪ್ರಸಂಗ, ಕಲಿಸುವ ಭಾಗವತರು ಯಾರು, ಅವರು ಯಾರಿಂದ ಕಲಿತವರು, ಮುಖವೀಣೆ ನುಡಿಸುವವರು ಈ ಭಾಗದಲ್ಲಿ ಎಷ್ಟು ಜನ ಉಳಿದಿದ್ದಾರೆ, ಮಕ್ಕಳು ವಾರಕ್ಕೆ ಎಷ್ಟು ದಿನ ಎಷ್ಟು ಹೊತ್ತು ಕಲಿಯುತ್ತಾರೆ, ಪರೀಕ್ಷೆಯ ತಿಂಗಳಲ್ಲಿ ಏನು ಮಾಡುತ್ತಾರೆ ಇಷ್ಟಿದ್ದರೆ ಅದು ಯೋಜನೆ. ಮುಖವೀಣೆಯ ಒಂದು ಸಾಲು, ಸಂಸ್ಕೃತಿಯ ಮಹತ್ವದ ಬಗೆಗಿನ ಎರಡು ಪುಟಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಆಮೇಲೆ ಖರ್ಚಿನ ಅಂದಾಜು. ಭಾಗವತರಿಗೆ ತಿಂಗಳಿಗೆ 10,000ದಂತೆ 40,000. ಮದ್ದಳೆ, ಮುಖವೀಣೆಯ ಇಬ್ಬರಿಗೆ ತಲಾ 6,000ದಂತೆ ನಾಲ್ಕು ತಿಂಗಳಿಗೆ 48,000. ಕಿರೀಟ, ಭುಜಕೀರ್ತಿ, ಎದೆಹಾರಗಳ ದುರಸ್ತಿ ಮತ್ತು ಬಣ್ಣಕ್ಕೆ 30,000. ಮಕ್ಕಳ ತಿಂಡಿ, ಓಡಾಟಕ್ಕೆ 20,000. ಎರಡು ಪ್ರದರ್ಶನಕ್ಕೆ 50,000. ಚಿತ್ರೀಕರಣ ಮತ್ತು ಆಡಿಟ್‌ಗೆ 12,000. ಒಟ್ಟು ಎರಡು ಲಕ್ಷ. ಊರಿನವರು ಕೊಡುವ ಜಾಗ, ಅಕ್ಕಿ, ಬೆಳಕು, ಪ್ರದರ್ಶನದ ದಿನದ ಊಟ ಇವುಗಳಿಗೂ ಬೆಲೆ ಕಟ್ಟಿ, 40,000 ಎಂದಿಟ್ಟುಕೊಳ್ಳಿ, ಸಂಘದ ಸ್ವಂತ ಪಾಲು ಎಂದು ತೋರಿಸಬೇಕು. ಹಳ್ಳಿಯ ಅರ್ಜಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಾಲು ಇದೇ. ಊಟ ಹಾಕಿದ್ದಕ್ಕೆ ಬೆಲೆ ಕಟ್ಟಲು ಸಂಕೋಚ. ಆದರೆ ಹಣ ಕೊಡುವವರು ಮೊದಲು ಹುಡುಕುವುದೇ ಸಂಸ್ಥೆ ತಾನೇನು ಹಾಕುತ್ತಿದೆ ಎಂಬುದನ್ನು.

ಜೊತೆಗೆ ಹಿಂದಿನ ಕಾರ್ಯಕ್ರಮಗಳ ಆಹ್ವಾನ ಪತ್ರಿಕೆ, ಫೋಟೊ, ಪತ್ರಿಕಾ ವರದಿ. ಇಲ್ಲಿ ಜಾತ್ರೆಯ ಕರಪತ್ರಗಳು ಜಾತ್ರೆ ಮುಗಿದ ಮರುದಿನ ಮಂಡಕ್ಕಿ ಕಟ್ಟಲು ಹೋಗುತ್ತವೆ. ಹತ್ತು ವರ್ಷದ ಕರಪತ್ರಗಳನ್ನು ಒಂದು ಕಡತದಲ್ಲಿ ಇಟ್ಟ ಮೇಳಕ್ಕೆ ಅರ್ಧ ಅರ್ಜಿ ತಯಾರಾಗಿದೆ ಎಂದೇ ಲೆಕ್ಕ.

ಹಣ ಬರುವ ಬಗೆ

ಅನುದಾನ ಮಂಜೂರಾಯಿತು ಎಂದರೆ ಹಣ ಕೈಗೆ ಬಂತು ಎಂದಲ್ಲ. ಕೆಲವು ಬಾಬುಗಳಲ್ಲಿ ಕಂತುಗಳು: ಮೊದಲ ಕಂತು ಶುರುವಿಗೆ, ಉಳಿದದ್ದು ವರದಿ ಮತ್ತು ಲೆಕ್ಕ ಒಪ್ಪಿಸಿದ ಮೇಲೆ. ಇನ್ನು ಕೆಲವು ಪ್ರಾಯೋಜನೆಗಳಲ್ಲಿ ಕಾರ್ಯಕ್ರಮ ಮುಗಿಸಿ ಬಿಲ್ಲು, ಫೋಟೊ ಕೊಟ್ಟ ಮೇಲೆಯೇ ಹಣ. ಸರ್ಕಾರದ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್. ಆಯವ್ಯಯ ಮಂಜೂರಾಗಿ, ಅರ್ಜಿ ಕರೆದು, ಸಮಿತಿ ಕೂತು, ಆದೇಶ ಹೊರಡುವ ಹೊತ್ತಿಗೆ ಜನವರಿ ದಾಟಿರುತ್ತದೆ. ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕು. ತೆಂಗಿನ ಸೀಮೆಯಲ್ಲಿ ರಾಗಿ ಒಕ್ಕಣೆ ಮುಗಿದು ಜಾತ್ರೆ, ಆಟಗಳು ಶುರುವಾಗುವುದೂ ಅದೇ ತಿಂಗಳುಗಳಲ್ಲಿ. ಕಾಲವೇನೋ ಕೂಡಿ ಬರುತ್ತದೆ. ಆದರೆ ತಾಲೀಮು ಅದಕ್ಕೂ ಮೂರು ತಿಂಗಳು ಮುಂಚೆ ಆಗಿರಬೇಕಲ್ಲ? ಆ ಖರ್ಚನ್ನು ಯಾರೋ ಒಬ್ಬರು ಕೈಯಿಂದ ಹಾಕಿರುತ್ತಾರೆ. ಹಾಗೆ ನೋಡಿದರೆ ಸರ್ಕಾರದ ಅನುದಾನಕ್ಕೆ ಮೊದಲು ಸಾಲ ಕೊಡುವುದು ಊರಿನ ಅಂಗಡಿಯವರೂ ಕೊಬ್ಬರಿ ಮಂಡಿಯವರೂ ಮೇಳದ ಹಿರಿಯರೂ.

ಕೊನೆಯಲ್ಲಿ ಹಣಬಳಕೆ ಪ್ರಮಾಣಪತ್ರ. ಕೇಂದ್ರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 12-ಎ ಎಂಬ ನಮೂನೆ ಇದೆ. ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು, ಎಷ್ಟು ಉಳಿಯಿತು ಎಂದು ತೋರಿಸಬೇಕು. ಉಳಿದದ್ದನ್ನು ಹಿಂದಿರುಗಿಸಬೇಕು. ಒಂದು ಬಾಬಿನ ಹಣವನ್ನು ಇನ್ನೊಂದಕ್ಕೆ ಬಳಸಬೇಕಾದರೆ ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಮುಖವೀಣೆ ರಿಪೇರಿ ಮಾಡುವ ಕುಶಲಕರ್ಮಿಯ ಬಳಿ ಜಿಎಸ್‌ಟಿ ಬಿಲ್ಲು ಇರುವುದಿಲ್ಲ. ಅಂಥಲ್ಲಿ ಹೆಸರು, ವಿಳಾಸ, ಕೆಲಸದ ವಿವರ, ಸಹಿ ಇರುವ ರಸೀದಿ ಬರೆಸಿಕೊಂಡು ಹಣವನ್ನು ಬ್ಯಾಂಕ್ ಮೂಲಕವೇ ಕೊಡುವುದು ಕ್ಷೇಮ. ಒಮ್ಮೆ ಪ್ರಮಾಣಪತ್ರ ಬಾಕಿ ಬಿದ್ದ ಸಂಸ್ಥೆಗೆ ಮುಂದಿನ ಅನುದಾನ ನಿಲ್ಲುತ್ತದೆ.

ಜಿಎಸ್‌ಟಿ ಮಾತು ಬಂದದ್ದರಿಂದ ಹೇಳಬೇಕು: ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಸಂಗೀತ, ನೃತ್ಯ, ನಾಟಕ ಪ್ರದರ್ಶನಕ್ಕೆ ಕಲಾವಿದರು ಪಡೆಯುವ ಸಂಭಾವನೆ 1.5 ಲಕ್ಷ ರೂಪಾಯಿ ಮೀರದಿದ್ದರೆ ಆ ತೆರಿಗೆಯಿಂದ ವಿನಾಯಿತಿ ಇದೆ.

ಸರ್ಕಾರದ ಹೊರಗೆ

ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಸ್ಥಾಪನೆಯಾಗಿ 1995ರಿಂದ ಅನುದಾನ ಕೊಡುತ್ತಿರುವ ಸ್ವತಂತ್ರ ಸಂಸ್ಥೆ. ಸಂಶೋಧನೆ, ಹೊಸ ಕಲಾಪ್ರಯೋಗ, ಕಲಾ ಶಿಕ್ಷಣ ಅದರ ಕ್ಷೇತ್ರಗಳು. ಅದರ ‘ಕಲಿ-ಕಲಿಸು’ ಕಾರ್ಯಕ್ರಮದ ಬೆಂಬಲ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರಿಗೂ ಸಿಗುತ್ತದೆ. ಊರಿನ ಸೋಮನ ಕುಣಿತವನ್ನು ತರಗತಿಯ ಪಾಠಕ್ಕೆ ಜೋಡಿಸಬೇಕೆನ್ನುವ ಶಾಲಾ ಮೇಷ್ಟ್ರಿಗೆ ಇಂಥದ್ದು ಇಲಾಖೆಯ ಬಾಗಿಲಿಗಿಂತ ಹತ್ತಿರ. ಇಂಥ ಸಂಸ್ಥೆಗಳು ಅರ್ಜಿದಾರರೊಂದಿಗೆ ಮಾತಾಡುತ್ತವೆ, ಪ್ರಸ್ತಾವವನ್ನು ತಿದ್ದಿಸುತ್ತವೆ; ಸರ್ಕಾರಿ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ.

ಕಂಪನಿಗಳ ಹಣ ಇನ್ನೊಂದು ಮೂಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಬಳಸಬೇಕು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆಯೂ ಸೇರಿದೆ. ಆದರೆ ಕಂಪನಿಗಳ ಒಲವು ಶಾಲೆ, ಆಸ್ಪತ್ರೆ, ನೀರಿನ ಕಡೆಗೇ ಹೆಚ್ಚು, ಅದೂ ತಮ್ಮ ಕಾರ್ಖಾನೆ ಇರುವ ಸುತ್ತಮುತ್ತ. ತೆಂಗಿನ ತೋಟದ ನಡುವಿನ ಹಳ್ಳಿಗೆ ಈ ಹಣ ತಾನಾಗಿ ಬರುವುದಿಲ್ಲ.

ವಿದೇಶಿ ಹಣದಿಂದ ಹಳ್ಳಿಯ ಕಲೆಗೆ ಏನಾಗಬಹುದು ಎಂಬುದಕ್ಕೆ ಹೆಗ್ಗೋಡಿನ ನೀನಾಸಂ ಉದಾಹರಣೆ. 1949ರಲ್ಲಿ ಊರ ಹವ್ಯಾಸಿ ತಂಡವಾಗಿ ಹುಟ್ಟಿದ ಅದು 1980ರ ದಶಕದಲ್ಲಿ ಫೋರ್ಡ್ ಫೌಂಡೇಶನ್ ನೆರವಿನಿಂದ ‘ಜನಸ್ಪಂದನ’ ಎಂಬ ಯೋಜನೆ ನಡೆಸಿ, ನಾಟಕ ಮತ್ತು ಸಿನಿಮಾವನ್ನು ರಾಜ್ಯದ ಹಳ್ಳಿಗಳಿಗೆ ಒಯ್ದಿತು. ಯೋಜನೆ ಮುಗಿಯಿತು, ಅದೇ ಹೊತ್ತಿನಲ್ಲಿ ಶುರುವಾದ ತಿರುಗಾಟ ಉಳಿಯಿತು. ಇಂದು ಅಂಥ ಹಣ ಪಡೆಯಲು ವಿದೇಶಿ ದೇಣಿಗೆ ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಬೇಕು; ಸಣ್ಣ ಮೇಳಗಳಿಗೆ ಅದು ಎಟುಕುವಂಥದ್ದಲ್ಲ.

ಇದಕ್ಕಿಂತ ಹತ್ತಿರದ ಮಾದರಿ ಹುಳಿಯಾರಿನ ಆಚೆ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮಠ 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ 1997ರಲ್ಲಿ ಶಿವಸಂಚಾರ ಎಂಬ ತಿರುಗಾಟದ ತಂಡವನ್ನೂ ಕಟ್ಟಿತು. ಮಠದ ಆಸರೆ, ಭಕ್ತರ ಕೊಡುಗೆ, ಪ್ರದರ್ಶನ ಆಡಿಸುವ ಊರುಗಳ ಹಣ, ಸರ್ಕಾರದ ನೆರವು ಇವು ಸೇರಿದಾಗ ಮಾತ್ರ ವರ್ಷವಿಡೀ ನಡೆಯುವ ರೆಪರ್ಟರಿ ಸಾಧ್ಯ. ಒಂದೇ ಕಂಬದ ಮೇಲೆ ನಿಂತ ತಂಡ ಆ ಕಂಬ ಅಲುಗಿದ ವರ್ಷ ಬೀಳುತ್ತದೆ.

ಇನ್ನು ದತ್ತಿ. ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಬಹುಕಾಲದಿಂದ ಇರುವ ಈ ಏರ್ಪಾಡು ಸರಳ: ದಾನಿಯೊಬ್ಬರು ತಂದೆ ತಾಯಿಯ ಹೆಸರಲ್ಲಿ ಒಂದು ಮೊತ್ತ ಇಡುತ್ತಾರೆ, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸವೋ ಬಹುಮಾನವೋ ನಡೆಯುತ್ತದೆ. ಸಾಹಿತಿ ತೀನಂಶ್ರೀ ಹುಟ್ಟಿದ ತೀರ್ಥಪುರ ಇರುವುದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲೇ, ಈ ಸೀಮೆಗೆ ಸಾಹಿತ್ಯದ ದತ್ತಿ ಹೊಸದಲ್ಲ. ಭಾಗವತಿಕೆ ಕಲಿಸಲು, ಸೋಮನ ಉಡುಗೆ ಹೊಲಿಸಲು ಮಾತ್ರ ಯಾರೂ ದತ್ತಿ ಇಡುವುದಿಲ್ಲ. ಮದುವೆ ಮಂಟಪಕ್ಕೆ, ಗುಡಿಯ ಗೋಪುರಕ್ಕೆ ಲಕ್ಷಗಟ್ಟಲೆ ಕೊಡುವ ಊರುಗಳಲ್ಲಿ ಮೇಳದ ಹೆಸರಿಗೆ ಒಂದು ಠೇವಣಿ ಇಡುವುದು ದೊಡ್ಡ ಮಾತಲ್ಲ. ಅರ್ಜಿಯೂ ಬೇಡ, ಮಾರ್ಚ್ 31ರ ಗಡುವೂ ಇಲ್ಲ.

ಯಾರು ತೀರ್ಮಾನಿಸುತ್ತಾರೆ

ಬ್ರಿಟನ್ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಸ್ಥಾಪಿಸಿದಾಗ ಹಣ ಸರ್ಕಾರದ್ದು, ಆಯ್ಕೆ ಮಾತ್ರ ಸ್ವತಂತ್ರ ಮಂಡಳಿಯದ್ದು ಎಂಬ ತತ್ವ ಇಟ್ಟುಕೊಂಡಿತು. ನಮ್ಮ ಅಕಾಡೆಮಿಗಳ ಕಲ್ಪನೆಯ ಹಿಂದೆಯೂ ಅದೇ ಆಶಯವಿತ್ತು. ಆದರೆ ರಾಜ್ಯದಲ್ಲಿ ಅಕಾಡೆಮಿಗಳ ಅಧ್ಯಕ್ಷ, ಸದಸ್ಯರನ್ನು ಸರ್ಕಾರವೇ ನೇಮಿಸುತ್ತದೆ. ಸರ್ಕಾರ ಬದಲಾದಾಗ ನೇಮಕ ರದ್ದಾಗಿ, ಹೊಸಬರು ಬರುವವರೆಗೆ ಕುರ್ಚಿಗಳು ಖಾಲಿ ಇದ್ದದ್ದು ಒಂದೆರಡು ಸಲವಲ್ಲ. ಇದೇ ಜಿಲ್ಲೆಯ ಬರಗೂರಿನವರಾದ ಬರಗೂರು ರಾಮಚಂದ್ರಪ್ಪನವರ ನೇತೃತ್ವದ ಸಮಿತಿ 2014ರಲ್ಲಿ ರಾಜ್ಯಕ್ಕೆ ಸಾಂಸ್ಕೃತಿಕ ನೀತಿಯ ವರದಿ ಕೊಟ್ಟಿತು. ಆ ಬಳಿಕವೂ ಅಕಾಡೆಮಿಗಳ ನೇಮಕ ಮಾತ್ರ ಸರ್ಕಾರದ ಏರಿಳಿತಕ್ಕೆ ಕಟ್ಟುಬಿದ್ದೇ ಇದೆ.

ಸರ್ಕಾರದ ಪಟ್ಟಿಯಲ್ಲಿ ಹೆಸರಿರುವುದು ಎಷ್ಟು ಮುಖ್ಯ ಎಂಬುದು ಕೊರೊನಾ ಕಾಲದಲ್ಲಿ ಗೊತ್ತಾಯಿತು. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ, ಕಲಾತಂಡಗಳಿಗೆ ತಲಾ 3,000 ರೂಪಾಯಿ ಘೋಷಿಸಿದಾಗ ಲೆಕ್ಕ ಹಾಕಿದ ಫಲಾನುಭವಿಗಳು 16,095. ಇಡೀ ಕರ್ನಾಟಕದಲ್ಲಿ! ತಮಟೆ ಹಿಡಿದವರು, ಗೆಜ್ಜೆ ಕಟ್ಟಿದವರು ಅಷ್ಟೇ ಜನವೇ? ಆ ಎರಡು ಬೇಸಿಗೆ ಜಾತ್ರೆಗಳೇ ನಡೆಯಲಿಲ್ಲ. ಯಾವ ಕಚೇರಿಯಲ್ಲೂ ಹೆಸರಿಲ್ಲದವರಿಗೆ ಸಂಭಾವನೆಯೂ ಇಲ್ಲ, ಪರಿಹಾರವೂ ಇಲ್ಲ.

ರಾಜ್ಯದ ಮಾಸಾಶನದ ಕಥೆಯೂ ಇದೇ. 58 ದಾಟಿದ ಕಲಾವಿದರು ಅರ್ಜಿ ಹಾಕಬಹುದು. ಆದರೆ ಇಷ್ಟು ವರ್ಷ ಕಲಾಸೇವೆ ಮಾಡಿದ್ದಕ್ಕೆ ದಾಖಲೆ ತೋರಿಸಬೇಕು. ಸೋಬಾನೆ ಹಾಡುವ ಅಜ್ಜಿಯ ಬಳಿ ಮದುವೆ ಮನೆಗಳ ನೆನಪಿದೆ, ಪ್ರಮಾಣಪತ್ರವಿಲ್ಲ. ಕಾರ್ಯಕ್ರಮ ನಡೆಸುವ ಶಾಲೆ, ಪಂಚಾಯಿತಿ, ಸಂಘಗಳು ಹಾಡಿದವರ ಹೆಸರು, ದಿನಾಂಕ ನಮೂದಿಸಿ ಒಂದು ಪತ್ರ ಕೊಡುವ ರೂಢಿ ಬೆಳೆಸಿಕೊಂಡರೆ ಅದೇ ಮುಂದೆ ಅವರ ಮಾಸಾಶನಕ್ಕೆ ಆಧಾರವಾಗುತ್ತದೆ.

ಅರ್ಜಿ ತಿರಸ್ಕೃತವಾದರೆ

ಹೆಚ್ಚಿನವರಿಗೆ ತಿರಸ್ಕಾರದ ಪತ್ರವೂ ಬರುವುದಿಲ್ಲ, ಆಯ್ಕೆಯಾದವರ ಪಟ್ಟಿ ನೋಡಿ ತಿಳಿದುಕೊಳ್ಳಬೇಕು. ‘ಶಿಫಾರಸು ಇಲ್ಲದ್ದಕ್ಕೆ ಹೋಯಿತು’ ಎಂದುಕೊಂಡು ಸುಮ್ಮನಾಗುವುದು ವಾಡಿಕೆ. ಕೆಲವು ಸಲ ಅದು ನಿಜವೂ ಇರಬಹುದು; ಎಷ್ಟೋ ಸಲ ನವೀಕರಣವಾಗದ ನೋಂದಣಿಯೋ, ಸಂಘದ ಹೆಸರಿಗೂ ಬ್ಯಾಂಕ್ ಖಾತೆಯ ಹೆಸರಿಗೂ ಒಂದಕ್ಷರದ ವ್ಯತ್ಯಾಸವೋ ಕಾರಣವಾಗಿರುತ್ತದೆ. ತಿಳಿಯಲು ದಾರಿ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟು ಆಯ್ಕೆ ಸಮಿತಿಯ ನಡವಳಿ, ತನ್ನ ಅರ್ಜಿಯ ಮೇಲಿನ ಟಿಪ್ಪಣಿ, ಆಯ್ಕೆಯಾದ ಸಂಸ್ಥೆಗಳ ಪಟ್ಟಿ ಮತ್ತು ಮೊತ್ತ ಕೇಳಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದ ಮೀರದಂತೆ ಇರಬೇಕು. 30 ದಿನಗಳಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಬೆಂಗಳೂರಿನ ಮಾಹಿತಿ ಆಯೋಗ. ಬಳಕೆ ಪ್ರಮಾಣಪತ್ರಗಳ ಪ್ರತಿಯನ್ನೂ ಹೀಗೆಯೇ ಕೇಳಬಹುದು. ತಾಲ್ಲೂಕಿನಲ್ಲಿ ಯಾರೂ ಕಾಣದ ಉತ್ಸವಕ್ಕೆ ಹಣ ಹೋಗಿದೆಯೋ ಇಲ್ಲವೋ ಎಂಬುದು ಆ ಪ್ರತಿಗಳಲ್ಲೇ ಇರುತ್ತದೆ.